ಹೆಸರು ಬಂದ ಮೇಲೆ ಹೋರಾಟಕ್ಕೆ ಇಳಿಯುವ ಲೆಕ್ಕ

ಮೈಸೂರಿನಲ್ಲಿ ನಾಟಕ, ಧಾರಾವಾಹಿಗಳಲ್ಲಿ ಅಭಿನಯಿಸುತ್ತಿರುವ ನೀವು, ಇನ್ನೊಂದಿಷ್ಟು ಸಿನಿಮಾ ಮಾಡಿ ಹೆಸರು ಬಂದ ಮೇಲೆ ರೈತ ಹೋರಾಟಕ್ಕೆ ಇಳಿಯಲೇ ಅಥವಾ ಈಗಲೇ ಬರಲೇ ಎಂದು ಕೇಳಿದ್ದೀರಿ. ನಾನು ಹೆಸರು ಬರಲಿ ಎಂದು ಕಾದವನು. ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರ ಮನೆಯಿಂದ ಗಾಂಧಿನಗರಕ್ಕೆ ಹೋಗಿ, ನಾಯಕನ ಅಣ್ಣ, ಪೊಲೀಸ್ ಇನ್‌ಸ್ಪೆಕ್ಟರ್ ಮುಂತಾದ ಪಾತ್ರಗಳಲ್ಲಿ ಕೆಲವು ವರ್ಷ ದುಡಿದು, ಬಸ್ ನಿಲ್ದಾಣದಲ್ಲಿ ಜನ ಗುರುತು ಹಿಡಿಯುವಷ್ಟಾದಾಗ ಊರಿಗೆ ಮರಳಿ ಹಸಿರು ಶಾಲು ಹೊದ್ದೆ. ಬಂದ ಮೊದಲ ದಿನದಿಂದಲೇ ನನಗೆ ವೇದಿಕೆಯ ಮೇಲೆ ಕುರ್ಚಿ ಸಿಕ್ಕಿತು. ಸಂಘದಲ್ಲಿ ತಲೆ ನರೆಸಿಕೊಂಡವರು ಕೆಳಗೆ ಜಮಖಾನದ ಮೇಲೆ ಕುಳಿತಿದ್ದರು.

ಆ ವರ್ಷ ಒಂದು ಖಾಸಗಿ ಸಕ್ಕರೆ ಕಾರ್ಖಾನೆ ಕಬ್ಬಿನ ಬಾಕಿ ಉಳಿಸಿಕೊಂಡಿತ್ತು. ರೈತರು ಗೇಟಿನ ಮುಂದೆ ಧರಣಿ ಕುಳಿತರು. ಒಂದು ಮಧ್ಯಾಹ್ನ ವ್ಯವಸ್ಥಾಪಕರು ಮಾತುಕತೆಗೆ ಬರುವಂತೆ ನನ್ನೊಬ್ಬನ ಹೆಸರು ಹೇಳಿ ಕರೆಸಿದರು, ನಾನು ಒಬ್ಬನೇ ಒಳಗೆ ಹೋದೆ. ನನ್ನ ಸಾರ್ವಜನಿಕ ಬದುಕನ್ನು ಮುಗಿಸಿದ್ದು ಈ ಒಂದು ತಪ್ಪು. ಇದನ್ನು ಬಿಡಿಸಿ ಹೇಳದಿದ್ದರೆ ನಿಮಗೆ ಅದು ಸಣ್ಣ ಅಚಾತುರ್ಯದಂತೆ ಕಂಡೀತು.

ಸಂಘದ ಕಾರ್ಯದರ್ಶಿಯವರು, “ಅಣ್ಣ, ಇಬ್ಬರು ಬೆಳೆಗಾರರನ್ನು ಜೊತೆಗೆ ಕರ್ಕೊಂಡು ಹೋಗಿ,” ಎಂದಿದ್ದರು. ಅದನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ, ಏಕೆಂದರೆ ಕರೆದವರು ನನ್ನ ಮುಖ ನೋಡಿಯೇ ಬಗ್ಗಿದ್ದಾರೆ ಎಂದು ಭಾವಿಸಿದ್ದೆ. ಒಳಗೆ ಕಾಫಿ ಬಂತು, ಸಿಬ್ಬಂದಿ ಫೋಟೊ ತೆಗೆಸಿಕೊಂಡರು, ಒಂದು ತಿಂಗಳೊಳಗೆ ಪೂರ್ತಿ ಹಣ ಪಾವತಿಸುತ್ತೇವೆ ಎಂಬ ಬಾಯಿಮಾತು ಸಿಕ್ಕಿತು. ನಾನು ಹೊರಗೆ ಬಂದು ಮೈಕ್ ಹಿಡಿದು ಅದನ್ನೇ ಗೆಲುವೆಂದು ಘೋಷಿಸಿದೆ. ಜನ ಚಪ್ಪಾಳೆ ತಟ್ಟಿ ಶಾಮಿಯಾನ ಬಿಚ್ಚಿದರು.

1966ರ ಕಬ್ಬು (ನಿಯಂತ್ರಣ) ಆದೇಶದ ಪ್ರಕಾರ, ಕಬ್ಬು ಪೂರೈಸಿದ 14 ದಿನಗಳೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಸೇರಿಸಬೇಕು, ಆಗಲೂ ಕೊಡದಿದ್ದರೆ ಜಿಲ್ಲಾಧಿಕಾರಿಗಳು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬಹುದು. ಇದು ನನಗೆ ಆಗ ತಿಳಿದಿರಲಿಲ್ಲ. ಕಾನೂನಿನ ಗಡುವು ಮೀರಿ ಎಷ್ಟೋ ದಿನಗಳಾಗಿದ್ದಾಗ, ಬಡ್ಡಿಯ ಮಾತನ್ನೇ ಎತ್ತದೆ, ರೈತರ ಪರವಾಗಿ ನಾನೇ ಹೊಸ ಗಡುವು ಕೊಟ್ಟು ಬಂದಿದ್ದೆ. ಕಾಗದದಲ್ಲಿ ಒಂದಕ್ಷರವೂ ಇರಲಿಲ್ಲ. ತಿಂಗಳು ಕಳೆದರೂ ಹಣ ಬರಲಿಲ್ಲ. ಕಾಫಿ ಲೋಟ ಹಿಡಿದು ವ್ಯವಸ್ಥಾಪಕರ ಪಕ್ಕದಲ್ಲಿ ನಾನು ನಗುತ್ತಿದ್ದ ಫೋಟೊ ಮಾತ್ರ ಊರೂರಿನ ಮೊಬೈಲುಗಳಿಗೆ ತಲುಪಿತು. ಕಾರ್ಖಾನೆಯ ತೂಕದ ಚೀಟಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡಿದ್ದ ನಮ್ಮ ಊರಿನ ಹಿರಿಯರೊಬ್ಬರು ಅವನ್ನು ನನ್ನ ಮುಂದೆ ಹರಡಿ, “ಎಷ್ಟಕ್ಕೆ ಮಾತಾಡ್ಕೊಂಡು ಬಂದಪ್ಪಾ?” ಎಂದು ಕೇಳಿದರು. ನಾನು ಒಂದು ರೂಪಾಯಿಯನ್ನೂ ಮುಟ್ಟಿರಲಿಲ್ಲ. ಆದರೆ ಒಳಗೆ ಏನು ನಡೆಯಿತೆಂದು ಹೇಳಲು ನನ್ನ ಪಕ್ಕದಲ್ಲಿ ಒಬ್ಬ ರೈತನೂ ಇರಲಿಲ್ಲ.

ಹೀಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಹೆಸರಿದ್ದರೆ ಮಂಡ್ಯದ ಜನ ಮಾತು ಕೇಳುತ್ತಾರೆ ಎಂದು ಬರೆದಿದ್ದೀರಿ. ಅಂಬರೀಷ್ ಅವರನ್ನು 1998, 1999 ಮತ್ತು 2004ರಲ್ಲಿ ಲೋಕಸಭೆಗೆ ಕಳುಹಿಸಿದ ಇದೇ ಮಂಡ್ಯ 2009ರಲ್ಲಿ ಅವರನ್ನು ಸೋಲಿಸಿತು. ರಮ್ಯಾ ಅವರನ್ನು 2013ರ ಉಪಚುನಾವಣೆಯಲ್ಲಿ ಗೆಲ್ಲಿಸಿ ಮರುವರ್ಷವೇ ಕೈಬಿಟ್ಟಿತು. 2019ರಲ್ಲಿ ಸುಮಲತಾ ಅವರು ಪಕ್ಷೇತರರಾಗಿ ಗೆದ್ದಾಗ ಸೋತ ನಿಖಿಲ್ ಕುಮಾರಸ್ವಾಮಿಯವರೂ ಸಿನಿಮಾ ನಾಯಕರೇ. ನಮ್ಮ ಜನ ನಟರನ್ನು ಪ್ರೀತಿಸುತ್ತಾರೆ ನಿಜ, ಆದರೆ ಲೆಕ್ಕವನ್ನೂ ಕೇಳುತ್ತಾರೆ.

ಕಾವೇರಿ ವಿಷಯದಲ್ಲೂ ನನ್ನ ಅಭಿಪ್ರಾಯ ಇದೇ. 2007ರಲ್ಲಿ ನ್ಯಾಯಮಂಡಳಿಯ ಐತೀರ್ಪು ಬಂದಾಗ ಅಂಬರೀಷ್ ಅವರು ಕೇಂದ್ರ ಸಚಿವ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು, ಆ ನಿಲುವನ್ನು ನಾನು ಇಂದಿಗೂ ಗೌರವಿಸುತ್ತೇನೆ. ಆದರೆ ಕರ್ನಾಟಕದ ಪಾಲಿಗೆ ಹೆಚ್ಚುವರಿಯಾಗಿ 14.75 ಟಿಎಂಸಿ ನೀರು ಬಂದದ್ದು 2018ರ ಫೆಬ್ರವರಿಯಲ್ಲಿ, ಸುಪ್ರೀಂ ಕೋರ್ಟಿನ ತೀರ್ಪಿನಿಂದ. ಅಂಕಿಅಂಶ, ನಕ್ಷೆ, ದಾಖಲೆಗಳನ್ನು ಹಿಡಿದು ವರ್ಷಗಟ್ಟಲೆ ವಾದಿಸಿದವರ ಕೆಲಸ ಅದರ ಹಿಂದಿದೆ. ಡಾ. ರಾಜ್‌ಕುಮಾರ್ ಅವರು ಗೋಕಾಕ್ ಚಳವಳಿಗೆ ಬಂದಾಗ ರಾಜ್ಯವೇ ಎದ್ದು ನಿಂತಿತಲ್ಲ ಎಂದು ನೀವು ಕೇಳಬಹುದು. ಅಲ್ಲಿ ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೊಡಬೇಕೆಂಬ ಗೋಕಾಕ್ ಸಮಿತಿಯ ವರದಿ ಮೊದಲೇ ಸಿದ್ಧವಾಗಿತ್ತು, ಸಾಹಿತಿಗಳು ಚಳವಳಿಯನ್ನು ಆಗಲೇ ಆರಂಭಿಸಿದ್ದರು. ರಾಜ್‌ಕುಮಾರ್ ಅವರು ಆ ಬೇಡಿಕೆಗೆ ತಮ್ಮ ದನಿ ಕೊಟ್ಟರು, ಮುಂದೆಯೂ ಯಾವ ಚುನಾವಣೆಗೂ ನಿಲ್ಲಲಿಲ್ಲ.

ಆದ್ದರಿಂದ ಈಗಲೇ ಬನ್ನಿ, ಯಾರೂ ಗುರುತಿಸದಿರುವಾಗಲೇ ಬನ್ನಿ. ಅಭಿನಯವನ್ನು ಬಿಡಬೇಡಿ, ಮನೆ ಬಾಡಿಗೆಗೆ ಹೋರಾಟವನ್ನು ನೆಚ್ಚಿಕೊಂಡವನಿಗೆ ಯಾವುದಾದರೊಂದು ಪಕ್ಷದ ಕಾರು ಮನೆ ಬಾಗಿಲಿಗೆ ಬಂದೇ ಬರುತ್ತದೆ. ಚಿತ್ರೀಕರಣವಿಲ್ಲದ ದಿನಗಳಲ್ಲಿ ಸಂಘದ ಸಭೆಗೆ ಹೋಗಿ ನಡಾವಳಿ ಬರೆಯುವ ಕೆಲಸವನ್ನು ಕೇಳಿ ಪಡೆಯಿರಿ. ಕಬ್ಬಿನ ಬಿಲ್ಲಿನಲ್ಲಿ ಕಟಾವು ಮತ್ತು ಸಾಗಾಣಿಕೆಗೆಂದು ಎಷ್ಟು ಮುರಿದುಕೊಂಡಿದ್ದಾರೆ, ಸಕ್ಕರೆ ಇಳುವರಿಯನ್ನು ಎಷ್ಟೆಂದು ತೋರಿಸಿದ್ದಾರೆ ಎಂಬುದನ್ನು ಓದಲು ಬೆಳೆಗಾರರಿಂದಲೇ ಕಲಿಯಿರಿ. ಮುಂದೆ ಹೆಸರು ಬಂದು, ಯಾವುದೋ ಕಾರ್ಖಾನೆಯವರು ನಿಮ್ಮೊಬ್ಬರನ್ನೇ ಒಳಗೆ ಕರೆದರೆ, ಸಂಘ ಆರಿಸಿದ ಇಬ್ಬರು ಬೆಳೆಗಾರರಿಲ್ಲದೆ ಆ ಬಾಗಿಲು ದಾಟಬೇಡಿ, ಸಹಿ ಬಿದ್ದ ಪತ್ರ ಅವರ ಕೈಗೆ ಸಿಗುವ ತನಕ ಮೈಕ್ ಮುಟ್ಟಬೇಡಿ.