ಬೆಸುಗೆ ಬಿಡುವ ತೆನೆ

ಇಳಕಲ್ಲಿನ ಓದುಗರೊಬ್ಬರು ಬರೆದಿದ್ದಾರೆ: "ಸೀರೆಯ ಸೆರಗಿನಲ್ಲಿರುವ ಜೋಳದ ತೆನೆಯನ್ನು 925 ಬೆಳ್ಳಿಯ ತಂತಿಯಲ್ಲಿ ಪದಕ ಮಾಡುತ್ತಿದ್ದೇನೆ. ಒಂದಕ್ಕೆ ಮೂವತ್ತು ಬೆಸುಗೆ. ಕೊನೆಯದನ್ನು ಹಾಕುವಷ್ಟರಲ್ಲಿ ಮೊದಲಿನವು ಬಿಟ್ಟಿರುತ್ತವೆ, ಮೇಲೆ ಬೂದು ಕಲೆ ಬೇರೆ. ಬಂಗಾರವಿಲ್ಲದ ಒಡವೆಗೆ ಏನು ಬೆಲೆ ಅಂತ ಮನೆಯವರು ಕೇಳುತ್ತಾರೆ. ನನ್ನಂಥ ಹೊಸಬರಿಗೆ ದಾರಿ ಇದೆಯೇ?"

ಸಂಪಾದಕರ ಉತ್ತರ:

ಮೊದಲು ಬೆಸುಗೆ. ಮೂವತ್ತಕ್ಕೂ ಒಂದೇ ಬಗೆಯ ಬೆಸುಗೆ ಲೋಹ ಬಳಸಿದರೆ ಕೊನೆಯದು ಕರಗುವ ಕಾವಿಗೆ ಮೊದಲನೆಯದೂ ಕರಗುತ್ತದೆ. 'ಹಾರ್ಡ್' ಎಂಬ ಬಗೆಯ ಬೆಸುಗೆ 750 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಹರಿಯುತ್ತದೆ, 'ಈಜಿ' ಎಂಬುದು 700ರ ಆಸುಪಾಸಿನಲ್ಲಿ. 925 ಬೆಳ್ಳಿ, ಅಂದರೆ ಸಾವಿರದಲ್ಲಿ 925 ಪಾಲು ಬೆಳ್ಳಿ ಇರುವ ಲೋಹವಾದರೋ 800ಕ್ಕೇ ಸಡಿಲವಾಗತೊಡಗುತ್ತದೆ. ನಿಮ್ಮ ಕೈಯಲ್ಲಿರುವ ಅಂತರ ಅಷ್ಟೇ. ಹಾಗಾಗಿ ಸಾಧ್ಯವಾದಷ್ಟು ಬೆಸುಗೆಗಳನ್ನು ಒಂದೇ ಕಾವಿನಲ್ಲಿ ಹಾರ್ಡ್‌ನಿಂದ ಮುಗಿಸಿ, ಈಜಿಯನ್ನು ಕೊನೆಯ ಜೋಡಣೆಗೆ ಉಳಿಸಿಕೊಳ್ಳಿ. ಬೆಸುಗೆ ಕಾವಿದ್ದ ಕಡೆ ಓಡುತ್ತದೆ. ತೆಳು ತಂತಿ ಬೇಗ ಕಾಯುವುದರಿಂದ ಅದರ ಮೇಲೇರಿ ಕೂತುಬಿಡುತ್ತದೆ. ಜ್ವಾಲೆಯನ್ನು ದಪ್ಪ ಭಾಗಕ್ಕೆ ಹಿಡಿಯಿರಿ. ಬೆಸುಗೆಯಲ್ಲಿ ಕ್ಯಾಡ್ಮಿಯಂ ಇದೆಯೇ ಎಂದು ಅಂಗಡಿಯಲ್ಲಿ ಕೇಳಿ, ಇದ್ದರೆ ಬೇಡವೇ ಬೇಡ. ಅದರ ಹೊಗೆ ಶ್ವಾಸಕೋಶವನ್ನು ಸುಡುತ್ತದೆ.

ಬೂದು ಕಲೆ 925 ಬೆಳ್ಳಿಯಲ್ಲಿ ನೂರಕ್ಕೆ ಏಳೂವರೆ ಪಾಲಿರುವ ತಾಮ್ರದ್ದು. ಕಾಯಿಸಿದಾಗಲೆಲ್ಲ ಅದು ಮೇಲ್ಮೈಯ ಒಳಗೇ ಕಿಲುಬಾಗುತ್ತದೆ, ಉಜ್ಜಿದರೆ ಸುಲಭಕ್ಕೆ ಹೋಗದು. ತಂತಿಯ ಕೆಲಸಕ್ಕೆ ಶುದ್ಧ ಬೆಳ್ಳಿಯನ್ನೇ ಹಿಡಿದರೆ ಆ ಕಲೆಯೂ ಇಲ್ಲ, ಕರಗುವುದೂ 961ಕ್ಕೆ. ಮೆತ್ತಗಿರುತ್ತದೆ ನಿಜ, ಬಾಗಬಾರದ ಚೌಕಟ್ಟಿಗಷ್ಟೇ 925 ಇರಲಿ.

ಆದರೆ ನಿಜವಾದ ಪ್ರಶ್ನೆ, ಮೂವತ್ತು ಬೆಸುಗೆ ಬೇಕೇ ಎಂಬುದು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೂ (ಉದ್ದದ ಎಳೆಗಳಿಗೂ) ಸೆರಗಿನ ರೇಷ್ಮೆ ಹಾಸಿಗೂ ನಂಟು ಹಾಕುವುದು ಕೊಂಡಿ, ಎಳೆಯೊಳಗೆ ಎಳೆ. ನೀವು ಸೆರಗಿನ ಚಿತ್ತಾರ ತೆಗೆದುಕೊಂಡಿರಿ, ಕೊಂಡಿಯನ್ನು ಬಿಟ್ಟಿರಿ. ಅದನ್ನೇ ಬೆಳ್ಳಿಯಲ್ಲಿ ಮಾಡಿ ನೋಡಿ. 0.8 ಮಿ.ಮೀ. ಶುದ್ಧ ಬೆಳ್ಳಿ ತಂತಿಯನ್ನು 12 ಮಿ.ಮೀ. ಸರಳಿಗೆ ಸುತ್ತಿ, ಗರಗಸದಿಂದ ಕತ್ತರಿಸಿ. ಉಂಗುರದ ತುದಿಗಳು ಬೆಳಕು ತೂರದಷ್ಟು ಕೂಡಿಕೊಂಡಿರಲಿ. ಇದ್ದಿಲ ಮೇಲಿಟ್ಟು ಸುತ್ತಲೂ ಸಮನಾಗಿ ಕಾಯಿಸಿದರೆ ಬೆಸುಗೆಯೂ ಬೇಡ, ಅದು ಹರಿಯಲು ಹಚ್ಚುವ ಬಿಳಿಗಾರವೂ ಬೇಡ, ತಾವೇ ಕೂಡುತ್ತವೆ. ಮೇಲ್ಮೈ ಪಾದರಸದಂತೆ ಮಿನುಗಿದ ಕ್ಷಣವೇ ಜ್ವಾಲೆ ತೆಗೆಯಿರಿ. ತಡವಾದರೆ ತಂತಿ ಗುಂಡಾಗಿ, ಸಂದು ಬಾಯಿ ಬಿಡುತ್ತದೆ. ಈ ಮಿನುಗು ನಡುಹಗಲ ಬಿಸಿಲಲ್ಲಿ ಕಾಣದು, ಕೋಣೆ ಮಬ್ಬಾಗಿರಲಿ. ನಿಮ್ಮೂರಿನ ಪತ್ತಾರರ ಪಕ್ಕ ಒಂದು ದಿನ ಕೂತರೆ ಕಣ್ಣು ಪಳಗುತ್ತದೆ. ಕೂಡಿದ ಉಂಗುರವನ್ನು ಉದ್ದಕ್ಕೆ ಎಳೆದು, ನಡುವೆ ಮಡಚಿ, ಮುಂದಿನ ಉಂಗುರವನ್ನು ಅದರ ಎರಡೂ ತುದಿಯ ಕುಣಿಕೆಯಲ್ಲಿ ತೂರಿಸಿ.

ಮನೆಯವರ ಮಾತಿಗೆ ಒಂದು ಉದಾಹರಣೆ. 1980ರಲ್ಲಿ ಓಟೋ ಕ್ಯೂನ್ಸ್ಲಿ ಎಂಬ ಸ್ವಿಸ್ ಕಲಾವಿದ ಕಪ್ಪು ರಬ್ಬರ್ ಬಳೆಯೊಳಗೆ ಬಂಗಾರದ ಗುಂಡು ಹುದುಗಿಸಿದರು. ಹೊರಗೆ ಕಾಣುವುದು ಉಬ್ಬು ಮಾತ್ರ. ಇಂದಿನ ಆಭರಣ ಕಲೆಯ ಮಾತು ಬಂದಾಗಲೆಲ್ಲ ಆ ಬಳೆಯ ಮಾತೂ ಬರುತ್ತದೆ.

ದಾರಿ ಇದೆ. ಜರ್ಮನಿಯ ಮ್ಯೂನಿಕ್‌ನಲ್ಲಿ 1959ರಿಂದ 'ಷ್ಮುಕ್' ಎಂಬ ಆಭರಣ ಪ್ರದರ್ಶನ ನಡೆದುಬಂದಿದೆ, ಹೊರದೇಶದವರಿಗೂ ತೆರೆದಿದೆ. ಎಲ್ಲಿಗೆ ಕಳಿಸಿದರೂ ತೂಕ, ಅಳತೆ, ಲೋಹ, ವರ್ಷ ಬರೆಯಿರಿ. ಮೈಮೇಲೆ ಧರಿಸಿದ ಒಂದು ಚಿತ್ರವೂ ಇರಲಿ. ನಮಗೆ ನೀವು ಕಳಿಸಿದ ಮೂರೂ ಚಿತ್ರ ಮುಂಬದಿಯವು. ಕೊಂಡಿ ಹಾಕಿದ ಪದಕದ ಹಿಂಬದಿಯನ್ನು ತೆಗೆದು ಕಳಿಸಿ.