ರೂಮಿನವರಿಗೆ ಗೊತ್ತಿದ್ದ ಮುಪ್ಪು

ಗಂಡ ಗಲ್ಫ್‌ನಲ್ಲಿ, ಹೆಂಡತಿ ಊರಲ್ಲಿ. ಕರಾವಳಿಯಲ್ಲಿ ಆಪ್ತಸಲಹೆ ಮಾಡುವ ನನ್ನ ಬಳಿಗೆ ಇಂಥ ಮನೆಗಳಿಂದ ಬರುವವರು ಜಾಸ್ತಿ. ಮೊದಲೆಲ್ಲ ಮಕ್ಕಳ ಓದು, ಅತ್ತೆ ಜೊತೆ ಜಗಳ ಅಂತ ಬರುತ್ತಿದ್ದರು. ಈಗ ಅಂಥ ದಂಪತಿಗಳೇ ಅರವತ್ತರ ಆಸುಪಾಸಿನಲ್ಲಿ ಬರುತ್ತಾರೆ. "ಇವರು ಊರಿಗೆ ಬರೋದು ಯಾವಾಗ?" ಎಂಬುದೊಂದೇ ಪ್ರಶ್ನೆ. ಕೆಳಗಿನ ಪ್ರಕರಣದಲ್ಲಿ ಹೆಸರು, ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ.

ಸದಾನಂದ ಅವರಿಗೆ 61. ಯುಎಇಯ ಶಾರ್ಜಾದ ಗೋದಾಮೊಂದರಲ್ಲಿ ಸ್ಟೋರ್ ಕೀಪರ್. ತೊಂಬತ್ತರ ದಶಕದಲ್ಲಿ ಹೋದವರು. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವಷ್ಟು ಸಂಬಳ ಬರುವ ಹೊತ್ತಿಗೆ ಮಕ್ಕಳ ಶಾಲೆ ಊರಲ್ಲೇ ನೆಲೆಯಾಗಿತ್ತು. ಹಾಗಾಗಿ ಅವರು ಬೆಡ್ ಸ್ಪೇಸ್‌ನಲ್ಲೇ ಉಳಿದರು. ನಾಲ್ಕು ಜನರ ರೂಮಿನಲ್ಲಿ ಒಂದು ಮಂಚ, ಒಂದು ಕಪಾಟು. ಗಿರಿಜಾ ಉಡುಪಿ ಜಿಲ್ಲೆಯ ಮನೆಯಲ್ಲಿ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ.

ಬಂದಿದ್ದು ಗಿರಿಜಾ. "ಪ್ರತಿ ವರ್ಷ ಮುಂದಿನ ವರ್ಷ ಅಂತಾರೆ. ಕೇಳಿದರೆ ಸಿಟ್ಟು" ಅಂದರು.

ಆ ಸಿಟ್ಟು ಎಲ್ಲಿಂದ ಬರುತ್ತದೆ ಅಂತ ನನಗೆ ಸ್ವಲ್ಪ ಗೊತ್ತಿತ್ತು. ಇವರಂಥವರಿಗೆ ಅಲ್ಲಿ ವೀಸಾ ಇರುವುದು ಕೆಲಸ ಇರುವವರೆಗೆ. 55 ದಾಟಿದವರಿಗೆ ನಿವೃತ್ತಿ ವೀಸಾ ಅಂತ ಇದೆ, ನಿಜ. ಆದರೆ ಅದಕ್ಕೆ ಹತ್ತು ಲಕ್ಷ ದಿರ್ಹಂ ಆಸ್ತಿ ಅಥವಾ ಉಳಿತಾಯ, ಇಲ್ಲವೇ ತಿಂಗಳಿಗೆ ದೊಡ್ಡ ಆದಾಯ ತೋರಿಸಬೇಕು. ಸ್ಟೋರ್ ಕೀಪರ್‌ಗೆ ಅದು ದೂರದ ಮಾತು. ಪಿಂಚಣಿ ಇಲ್ಲ, ಗ್ರ್ಯಾಚುಟಿ ಮಾತ್ರ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲೆ 30 ದಿನದ್ದು. ಮೂಲ ವೇತನ ಕಡಿಮೆ ಇದ್ದವರಿಗೆ ಇದರಿಂದ ಏನು ಸಿಗುತ್ತದೆ ಅಂತ ಅವರೇ ರಾತ್ರಿ ಮಲಗಿ ಲೆಕ್ಕ ಹಾಕುತ್ತಿರುತ್ತಾರೆ. ಹೀಗಿರುವಾಗ ವಯಸ್ಸಾಯಿತು ಅಂತ ಕಾಣಿಸಿಕೊಳ್ಳುವುದೇ ಅಪಾಯ. ತಲೆಗೆ ಬಣ್ಣ ಹಚ್ಚುತ್ತಾರೆ. ಸೊಂಟ ನೋವಿದ್ದರೂ ಪೆಟ್ಟಿಗೆ ಎತ್ತುತ್ತಾರೆ. ಊರಿಗೆ ಬಂದ ಒಂದು ತಿಂಗಳೂ ಅದೇ ವೇಷ. ಹೊಸ ಅಂಗಿ, ಚಾಕೊಲೇಟ್, ನೆಂಟರ ಮನೆ, ಮದುವೆ ಊಟ.

ಮೂರನೇ ಭೇಟಿಯಲ್ಲಿ ಇಬ್ಬರನ್ನೂ ಕೂರಿಸಿದೆ. ಗಿರಿಜಾ ನನ್ನೆದುರು, ಸದಾನಂದ ಫೋನಿನಲ್ಲಿ. ಅಲ್ಲಿ ವಾಟ್ಸ್ಆ್ಯಪ್ ಕಾಲ್ ನಡೆಯುವುದಿಲ್ಲ, ಬೋಟಿಮ್ ಎಂಬ ಆ್ಯಪ್‌ನಲ್ಲಿ ಬಂದರು. ಶುಕ್ರವಾರ ಸಂಜೆ, ರೂಮಿನವರು ಹೊರಗೆ ಹೋಗಿದ್ದರು. ಮಂಚದ ಅಂಚಿನಲ್ಲಿ ಕೂತು ಮನೆ ಸಾಲ, ಮಗಳ ಮದುವೆಯ ಬಾಕಿ, ಮುಂದಿನ ವರ್ಷ ಅಂತ ಎಂದಿನ ಮಾತು ಶುರು ಮಾಡಿದರು. ಗಿರಿಜಾ ಸುಮ್ನೆ ಕೇಳುತ್ತಿದ್ದರು. ಆಮೇಲೆ ಒಮ್ಮೆಲೇ ಅಂದರು:

"ನಿಮಗೆ ಶುಗರ್ ಇದೆಯಂತೆ. ನಿಮ್ಮ ರೂಮಿನವರ ಹೆಂಡತಿ ದೇವಸ್ಥಾನದಲ್ಲಿ ಸಿಕ್ಕಿ ಹೇಳಿದಳು. ಅವಳ ಗಂಡನೇ ರಜೆಗೆ ಬಂದಾಗಲೆಲ್ಲ ಇಲ್ಲಿಂದ ನಿಮಗೆ ಮಾತ್ರೆ ತಗೊಂಡು ಹೋಗೋದಂತೆ. ನಿಮಗೆ ವಯಸ್ಸಾಗಿದ್ದು ನಿಮ್ಮ ರೂಮಿನವರಿಗೆ ಗೊತ್ತು. ನನಗೆ ಗೊತ್ತಿಲ್ಲ."

ಅವರು ಫೋನನ್ನು ಪಕ್ಕಕ್ಕೆ ತಿರುಗಿಸಿದರು. ಪರದೆಯಲ್ಲಿ ಗೋಡೆ ಮಾತ್ರ ಕಾಣುತ್ತಿತ್ತು. "ವೀಸಾ ಮೆಡಿಕಲ್‌ನಲ್ಲಿ ಫೇಲ್ ಮಾಡಿ ಕಳಿಸ್ತಾರೆ ಅಂತ ಹೆದರಿಕೆ. ನಿನಗೆ ಹೇಳಿದರೆ ನೀನೂ ಹೆದರ್ತೀಯ" ಅಂದರು.

ಗಿರಿಜಾ ಹೇಳಿದರು: "ನಾನೂ ಹೇಳಿಲ್ಲ. ಹೋದ ವರ್ಷ ಕಣ್ಣಿಗೆ ಪೊರೆ ಆಪರೇಷನ್ ಆಯ್ತು. ನೀವು ಅಲ್ಲಿ ಕೂತು ಚಿಂತೆ ಮಾಡೋದು ಬೇಡ ಅಂತ."

ಸ್ವಲ್ಪ ಹೊತ್ತು ಆ ಕಡೆಯಿಂದ ಏನೂ ಬರಲಿಲ್ಲ. ಆಮೇಲೆ, "ಯಾವ ಕಣ್ಣು?"

ಬಲಗಣ್ಣು, ಅಂದರು. ಯಾರು ಕರೆದುಕೊಂಡು ಹೋದರು, ಎಷ್ಟು ದಿನ ಹನಿ ಬಿಟ್ಟೆ, ಅಡುಗೆ ಯಾರು ಮಾಡಿದರು ಅಂತ ಅವರು ಕೇಳುತ್ತಾ ಹೋದರು. ನಾನು ನಡುವೆ ಬಾಯಿ ಹಾಕಲಿಲ್ಲ. ಅಷ್ಟು ವರ್ಷದ ದಾಂಪತ್ಯದಲ್ಲಿ ದುಡ್ಡು, ಮಕ್ಕಳು, ಮನೆ ಬಿಟ್ಟು ಒಬ್ಬರ ಮೈ ಬಗ್ಗೆ ಇನ್ನೊಬ್ಬರು ಇಷ್ಟು ಕೇಳಿದ್ದು ಅಪರೂಪ ಅಂತ ಗಿರಿಜಾ ಆಮೇಲೆ ಹೇಳಿದರು.

ಶುಗರ್ ವಿಷಯದ ಹೆದರಿಕೆಗೆ ಆಧಾರ ಇರಲಿಲ್ಲ. ಯುಎಇಯಲ್ಲಿ ವೀಸಾ ನವೀಕರಣದ ಮೆಡಿಕಲ್‌ನಲ್ಲಿ ನೋಡುವುದು ಎಚ್‌ಐವಿ, ಕ್ಷಯದಂಥ ಅಂಟುರೋಗಗಳನ್ನು. ರಕ್ತ ತೆಗೆಯುತ್ತಾರೆ, ಎದೆಯ ಎಕ್ಸ್‌ರೇ ಮಾಡುತ್ತಾರೆ. ಶುಗರ್ ಇದೆ ಅಂತ ಯಾರನ್ನೂ ವಾಪಸ್ ಕಳಿಸುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, 2025ರ ಜನವರಿಯಿಂದ ಶಾರ್ಜಾದಲ್ಲೂ ಖಾಸಗಿ ನೌಕರರಿಗೆ ಆರೋಗ್ಯ ವಿಮೆ ಕಡ್ಡಾಯ. ಆ ಕಾರ್ಡ್ ಅವರ ಪರ್ಸಿನಲ್ಲೇ ಇತ್ತು, ಒಮ್ಮೆಯೂ ಬಳಸಿರಲಿಲ್ಲ! ಆ ವಾರವೇ ಅಲ್ಲಿನ ಕ್ಲಿನಿಕ್‌ಗೆ ಹೋಗಿ, ಕಾಲು, ಕಣ್ಣು, ಕಿಡ್ನಿ ಎಲ್ಲ ತೋರಿಸಿ ಅಂದೆ. ಎಷ್ಟೋ ವರ್ಷದಿಂದ ಒಂದೇ ಡೋಸ್ ನುಂಗುತ್ತಿದ್ದರು, ಒಬ್ಬ ಡಾಕ್ಟರೂ ನೋಡಿರಲಿಲ್ಲ.

ಕೆಲಸ ಬಿಟ್ಟು ಬನ್ನಿ ಅಂತ ನಾನು ಹೇಳಲಿಲ್ಲ. ಇದಕ್ಕೆ ಗಿರಿಜಾ ಅವರ ಅಣ್ಣ ಫೋನ್ ಮಾಡಿ ಬೇಜಾರು ಮಾಡಿಕೊಂಡರು. ಬುದ್ಧಿ ಹೇಳಿ ಕರೆಸುತ್ತೀರಿ ಅಂತ ಕಳಿಸಿದರೆ ಅಲ್ಲೇ ಇರಿ ಅಂದಿರಲ್ಲ, ಅಂತ. ಹಾಗಲ್ಲ. ದಿಢೀರ್ ಅಂತ ಬಂದವರ ಮನೆಗಳನ್ನು ನಾನು ನೋಡಿದ್ದೇನೆ. ಮೊದಲ ತಿಂಗಳು ಹಬ್ಬ. ಆಮೇಲೆ ಗಂಡ ಅಡುಗೆ ಮನೆಯ ಸಾಮಾನಿನ ಲೆಕ್ಕ ಕೇಳಲು ಶುರು ಮಾಡುತ್ತಾರೆ. ತೋಟದ ಆಳಿನ ಕೂಲಿ, ಬ್ಯಾಂಕು, ಕರೆಂಟ್ ಬಿಲ್, ಸೊಸೈಟಿ ಎಲ್ಲವನ್ನೂ ಒಬ್ಬರೇ ನಡೆಸಿದ ಹೆಂಗಸಿಗೆ ಅದು ಅವಮಾನ. ಅತ್ತ ಗಂಡನಿಗೆ ಬೆಳಿಗ್ಗೆ ಎದ್ದು ಹೋಗಲು ಜಾಗವಿಲ್ಲ, ಊರಲ್ಲಿ ಸ್ನೇಹಿತರಿಲ್ಲ. ಇಬ್ಬರೂ ಒಳ್ಳೆಯವರೇ, ಆದರೂ ಮಾತು ನಿಲ್ಲುತ್ತದೆ. ಇದನ್ನು ತಪ್ಪಿಸುವುದೇ ನನ್ನ ಕೆಲಸ ಅಂತ ನಂಬಿದ್ದೇನೆ. ಊರಿಗೆ ಬರುವ ತಾರೀಕಿಗಿಂತ ಅಲ್ಲಿರುವಾಗಲೇ ಜೊತೆಯಲ್ಲಿ ಮುದುಕರಾಗಲು ಶುರು ಮಾಡುವುದು ಮುಖ್ಯ. ಯಾಕೆಂದರೆ ವಯಸ್ಸು ವೀಸಾ ಮುಗಿಯಲಿ ಅಂತ ಕಾಯುವುದಿಲ್ಲ.

ಹಾಗಾಗಿ ಕೊಟ್ಟ ಸಲಹೆ ಇಷ್ಟು. ವಾರಕ್ಕೊಂದು ಕಾಲ್ ಮೈಯ ಬಗ್ಗೆ ಮಾತ್ರ, ಅದರಲ್ಲಿ ದುಡ್ಡಿನ ಮಾತಿಲ್ಲ. ಏಪ್ರಿಲ್-ಮೇ ರಜೆಗೆ ಬರಬೇಡಿ, ಜೂನ್-ಜುಲೈಗೆ ಬನ್ನಿ. ಮಳೆಯಲ್ಲಿ ಮದುವೆ ಇಲ್ಲ, ನೆಂಟರಿಲ್ಲ, ಕರೆಂಟೂ ಇರುವುದಿಲ್ಲ. ಮನೆ ನಿಜವಾಗಿ ಹೇಗೆ ನಡೆಯುತ್ತದೆ ಅಂತ ಆಗ ಗೊತ್ತಾಗುತ್ತದೆ. ತಲೆಗೆ ಬಣ್ಣ ಹಚ್ಚದೆ ಬನ್ನಿ ಅಂತಲೂ ಕೇಳಿಕೊಂಡೆ. ಮನೆಯ ಯಾವ ಕೆಲಸ ಬಿಟ್ಟುಕೊಡಲು ಒಪ್ಪಿಗೆ, ಯಾವುದು ಇಲ್ಲ ಅಂತ ಗಿರಿಜಾ ಮೊದಲೇ ಹೇಳಬೇಕು. ಬ್ಯಾಂಕು ಬಿಡುವುದಿಲ್ಲ, ತೋಟ ಬೇಕಾದರೆ ನೋಡಿಕೊಳ್ಳಲಿ ಅಂದರು.

ಇನ್ನೊಂದು, ಓದುವವರಲ್ಲಿ ಗಲ್ಫ್‌ನವರು ಇದ್ದರೆ ನಿಮಗೂ ಸೇರಿಸಿ ಹೇಳುತ್ತೇನೆ. ಆರೋಗ್ಯ ವಿಮೆಯನ್ನು ಊರಿಗೆ ಬಂದ ಮೇಲೆ ಮಾಡಿಸೋಣ ಅಂತ ಇಡಬೇಡಿ. 2024ರ ಏಪ್ರಿಲ್‌ನಿಂದ ಭಾರತದಲ್ಲಿ 65 ದಾಟಿದವರೂ ಹೊಸ ಪಾಲಿಸಿ ಕೊಳ್ಳಬಹುದು, ಆದರೆ ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಬೇಕಾಗಬಹುದು. ಆ ಕಾಯುವ ಕಾಲ ನೀವು ಅಲ್ಲಿ ದುಡಿಯುತ್ತಿರುವಾಗಲೇ ಕಳೆಯಲಿ. ಅರ್ಜಿಯಲ್ಲಿ ಶುಗರ್, ಬಿಪಿ ಇದ್ದದ್ದು ಇದ್ದ ಹಾಗೆ ಬರೆಯಿರಿ. ಅದನ್ನು ಮುಚ್ಚಿಟ್ಟರೆ ಆಸ್ಪತ್ರೆಯಲ್ಲಿ ಮಲಗಿದ ದಿನ ಕ್ಲೇಮ್ ತಳ್ಳಿಹಾಕಬಹುದು. ಸದಾನಂದ ಅವರ ಅರ್ಜಿ ತುಂಬುವಾಗ ಗಿರಿಜಾ ಪಕ್ಕದಲ್ಲಿ ಕೂತಿದ್ದರು. ತಮ್ಮ ಪೊರೆ ಆಪರೇಷನ್ ಅನ್ನೂ ಬರೆಸಿದರು.