ಕೋಡ್ ತಿದ್ದುವ ಮುನ್ನ ವೋಲ್ಟೇಜ್ ನೋಡಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಇಎಸ್‌ಪಿ32 (ವೈಫೈ ಇರುವ ಮೈಕ್ರೊಕಂಟ್ರೋಲರ್ ಚಿಪ್) ಬೋರ್ಡ್‌ನಲ್ಲಿ ಎಲ್‌ಇಡಿ ಮಿನುಗಿಸುವ ಪ್ರೋಗ್ರಾಂ ಚೆನ್ನಾಗಿ ಓಡುತ್ತದೆ. ವೈಫೈ ಸೇರಿಸಿದ ಕೂಡಲೇ ಬೋರ್ಡ್ ಮತ್ತೆ ಮತ್ತೆ ರೀಸೆಟ್ ಆಗುತ್ತದೆ. ಸೀರಿಯಲ್ ಮಾನಿಟರ್‌ನಲ್ಲಿ ಬ್ರೌನ್‌ಔಟ್ ಎಂಬ ಸಂದೇಶ ಬರುತ್ತದೆ. ಬ್ರೌನ್‌ಔಟ್ ಡಿಟೆಕ್ಟರ್ ಅನ್ನೇ ಆಫ್ ಮಾಡಿ ಎಂದು ಕೆಲವರು ಹೇಳುತ್ತಾರೆ. ಮಾಡಬಹುದೇ?

ಉತ್ತರ: ದಯವಿಟ್ಟು ಮಾಡಬೇಡಿ. ವೋಲ್ಟೇಜ್ ಕುಸಿದಿದೆ ಎಂದು ಚಿಪ್ ನಿಮಗೆ ತಿಳಿಸುತ್ತಿದೆ. ಆ ಬಾಯಿ ಮುಚ್ಚಿಸಿದರೆ ಕುಸಿತ ನಿಲ್ಲುವುದಿಲ್ಲ. ಕಡಿಮೆ ವೋಲ್ಟೇಜ್‌ನಲ್ಲಿ ಫ್ಲ್ಯಾಶ್‌ಗೆ ಬರೆಯುವಾಗ ಡೇಟಾ ಕೆಡಬಹುದು, ಆಗ ತಪ್ಪು ಹುಡುಕುವುದು ಇನ್ನೂ ಕಷ್ಟ.

ನಡೆಯುತ್ತಿರುವುದು ಇಷ್ಟು. ಎಲ್‌ಇಡಿ ಮಿನುಗಿಸುವಾಗ ಬೋರ್ಡ್ ಎಳೆಯುವ ಕರೆಂಟ್ ಕೆಲವು ಹತ್ತು ಮಿಲಿಆಂಪಿಯರ್. ವೈಫೈ ರೇಡಿಯೊ ಪ್ರಸಾರ ಶುರುಮಾಡಿದ ಕ್ಷಣ ಅದು 300, 400 ಮಿಲಿಆಂಪಿಯರ್‌ಗೆ ಜಿಗಿಯುತ್ತದೆ. ಪೂರೈಕೆಗೆ ಕನಿಷ್ಠ 500 ಮಿಲಿಆಂಪಿಯರ್ ತಾಕತ್ತು ಇರಲೇಬೇಕು. ಈಗ ಕೇಬಲ್ ನೋಡಿ. ಒಳಗಿನ ತಂತಿ 28 ಗೇಜ್ ಆಗಿದ್ದರೆ ಮೀಟರಿಗೆ ಸುಮಾರು 0.21 ಓಮ್ ರೋಧ. ಎರಡು ಮೀಟರ್ ಕೇಬಲ್ ಎಂದರೆ ಹೋಗಿ ಬರಲು ನಾಲ್ಕು ಮೀಟರ್, ಅಂದರೆ 0.85 ಓಮ್. 400 ಮಿಲಿಆಂಪಿಯರ್ ಹರಿದಾಗ ಸುಮಾರು 0.34 ವೋಲ್ಟ್ ಕೇಬಲ್‌ನಲ್ಲೇ ಕರಗಿಹೋಯಿತು. ಬೋರ್ಡ್ ಮೇಲಿನ ಡಯೋಡ್ ಇನ್ನೊಂದಿಷ್ಟು ತಿನ್ನುತ್ತದೆ. ಯುಎಸ್‌ಬಿಯ 5 ವೋಲ್ಟನ್ನು ಇಳಿಸುವ ಎಎಂಎಸ್1117 ರೆಗ್ಯುಲೇಟರ್ 3.3 ವೋಲ್ಟ್ ಕೊಡಬೇಕಾದರೆ ಅದರ ಒಳಕ್ಕೆ ಅದಕ್ಕಿಂತ 1.1 ವೋಲ್ಟ್‌ನಷ್ಟು ಹೆಚ್ಚು ಬರಬೇಕು. ಬ್ರೆಡ್‌ಬೋರ್ಡ್‌ನ ಸಡಿಲ ಸಂಪರ್ಕವೊಂದು ಇದಕ್ಕೆ ಸೇರಿದರೆ ಮುಗಿಯಿತು.

ಮಲ್ಟಿಮೀಟರ್ ಹಿಡಿದರೆ 3.3 ಎಂದೇ ತೋರಿಸುತ್ತದೆ, ಏಕೆಂದರೆ ಇಷ್ಟು ಕ್ಷಣಿಕವಾದ ಕುಸಿತ ಅದರ ಕಣ್ಣಿಗೆ ಬೀಳದು. ಆಸಿಲೋಸ್ಕೋಪ್ ಇಲ್ಲದಿದ್ದರೆ ಬೇರೆ ದಾರಿ ಇದೆ: ಕೋಡ್‌ನಲ್ಲಿ ವೈಫೈ ಪ್ರಸಾರ ಶಕ್ತಿಯನ್ನು 8.5 ಡಿಬಿಎಂಗೆ (ರೇಡಿಯೊ ಶಕ್ತಿಯ ಅಳತೆ) ಇಳಿಸಿ ನೋಡಿ. ರೀಸೆಟ್ ನಿಂತರೆ ತಪ್ಪು ವಿದ್ಯುತ್ ಪೂರೈಕೆಯಲ್ಲಿದೆ ಎಂದು ನಂಬಬಹುದು. ಬಳಿಕ ಶಕ್ತಿಯನ್ನು ಮೊದಲಿನಂತೆ ಏರಿಸಿ, ಗಿಡ್ಡ, ದಪ್ಪ ಕೇಬಲ್ ಹಾಕಿ. ಬೋರ್ಡ್‌ನ 3.3 ವೋಲ್ಟ್ ಮತ್ತು ಗ್ರೌಂಡ್ ಪಿನ್‌ಗಳಿಗೆ ತೀರಾ ಹತ್ತಿರದಲ್ಲಿ 470 ಮೈಕ್ರೊಫ್ಯಾರಡ್ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್, ಅದರ ಪಕ್ಕಕ್ಕೆ 0.1 ಮೈಕ್ರೊಫ್ಯಾರಡ್ ಸೆರಾಮಿಕ್ ಒಂದು ಜೋಡಿಸಿ. ಎಲೆಕ್ಟ್ರೋಲಿಟಿಕ್‌ನ ಪಟ್ಟೆ ಇರುವ ಕಾಲು ಗ್ರೌಂಡ್‌ಗೇ ಹೋಗಬೇಕು. ಕೆಪಾಸಿಟರ್ ಅನ್ನು ಉದ್ದನೆಯ ಜಂಪರ್ ತಂತಿಯ ಆಚೆ ತುದಿಯಲ್ಲಿಟ್ಟರೆ ಪ್ರಯೋಜನ ಕಡಿಮೆ.

ಪ್ರಶ್ನೆ: ಡೀಪ್ ಸ್ಲೀಪ್‌ನಲ್ಲಿ (ಚಿಪ್‌ನ ಬಹುಭಾಗ ಆಫ್ ಆಗುವ ಗಾಢ ನಿದ್ದೆ) ಇಎಸ್‌ಪಿ32 ಬಳಸುವುದು 10 ಮೈಕ್ರೊಆಂಪಿಯರ್ ಎಂದು ಓದಿದ್ದೇನೆ. 15 ನಿಮಿಷಕ್ಕೊಮ್ಮೆ ಎದ್ದು ಉಷ್ಣಾಂಶ ಕಳಿಸುವ ನನ್ನ ಸಾಧನದ 2000 ಮಿಲಿಆಂಪಿಯರ್ ಗಂಟೆಯ ಲಿಥಿಯಂ ಬ್ಯಾಟರಿ ವಾರದೊಳಗೆ ಖಾಲಿ. ಎಲ್ಲಿ ಸೋರುತ್ತಿದೆ?

ಉತ್ತರ: ಚಿಪ್ ನಿದ್ದೆಮಾಡುತ್ತಿದೆ, ಬೋರ್ಡ್ ಎಚ್ಚರವಾಗಿದೆ. ಎಎಂಎಸ್1117 ಸುಮ್ಮನೆ ಕೂತೇ 5 ಮಿಲಿಆಂಪಿಯರ್ ಹತ್ತಿರ ತಿನ್ನುತ್ತದೆ. ಪವರ್ ಎಲ್‌ಇಡಿ ಮತ್ತು ಯುಎಸ್‌ಬಿ ಸೀರಿಯಲ್ ಚಿಪ್ ಸೇರಿದರೆ 12 ಮಿಲಿಆಂಪಿಯರ್ ಆಗುವುದು ಸುಲಭ. 2000 ಅನ್ನು 12ರಿಂದ ಭಾಗಿಸಿದರೆ 166 ಗಂಟೆ, ಅಂದರೆ ನಿಮ್ಮ ಒಂದು ವಾರ. ಬ್ಯಾಟರಿ ತಂತಿಗೆ ಸರಣಿಯಾಗಿ ಮಲ್ಟಿಮೀಟರ್ ಸೇರಿಸಿ, ನಿದ್ದೆಯಲ್ಲಿರುವಾಗಿನ ಕರೆಂಟ್ ನೀವೇ ಅಳೆಯಿರಿ. ಮೀಟರ್ ಅನ್ನು ಮೈಕ್ರೊಆಂಪಿಯರ್ ವ್ಯಾಪ್ತಿಯಲ್ಲಿಟ್ಟೇ ವೈಫೈ ಆನ್ ಮಾಡಬೇಡಿ. ಫ್ಯೂಸ್ ಹೋಗಬಹುದು. ಹೋಗದಿದ್ದರೂ ಆ ವ್ಯಾಪ್ತಿಯ ಒಳರೋಧದಿಂದ ಬೋರ್ಡ್ ಏಳಲಾರದು.

ಪರಿಹಾರಕ್ಕೆ ಪೂರ್ತಿ ಬೋರ್ಡ್ ಬದಲು ಬರಿಯ ಇಎಸ್‌ಪಿ32 ಮಾಡ್ಯೂಲ್ ತೆಗೆದುಕೊಂಡು ಎಪಿ2112 ರೆಗ್ಯುಲೇಟರ್ ಹಾಕಿ. ಅದು 600 ಮಿಲಿಆಂಪಿಯರ್ ಕೊಡುತ್ತದೆ, ತಾನು ತಿನ್ನುವುದು ಸುಮಾರು 55 ಮೈಕ್ರೊಆಂಪಿಯರ್. ಆಗ ನಿದ್ದೆಯ ಖರ್ಚು 0.07 ಮಿಲಿಆಂಪಿಯರ್ ಒಳಗೆ ಬರುತ್ತದೆ. ಆಮೇಲೆ ಲೆಕ್ಕಕ್ಕೆ ಬರುವುದು ಎಚ್ಚರದ ಹೊತ್ತು. ಪ್ರತಿ ಸಲ 5 ಸೆಕೆಂಡು, ಸರಾಸರಿ 100 ಮಿಲಿಆಂಪಿಯರ್ ಎಂದುಕೊಳ್ಳಿ: 500ನ್ನು 900 ಸೆಕೆಂಡಿಗೆ ಹಂಚಿದರೆ 0.56. ನಿದ್ದೆಯದ್ದು ಸೇರಿ ಸುಮಾರು 0.63 ಮಿಲಿಆಂಪಿಯರ್, ಕಾಗದದ ಮೇಲೆ ನಾಲ್ಕು ತಿಂಗಳಿಗೂ ಹೆಚ್ಚು. ಸ್ಥಿರ ಐಪಿ ಕೊಟ್ಟು, ರೂಟರ್‌ನ ಚಾನೆಲ್ ಸಂಖ್ಯೆಯನ್ನು ಆರ್‌ಟಿಸಿ ಮೆಮೊರಿಯಲ್ಲಿ (ನಿದ್ದೆಯಲ್ಲೂ ಅಳಿಯದ ಮೆಮೊರಿ) ಉಳಿಸಿಕೊಂಡು ಎಚ್ಚರವನ್ನು 2 ಸೆಕೆಂಡಿಗೆ ಇಳಿಸಿದರೆ ಒಂಬತ್ತು ತಿಂಗಳ ಹತ್ತಿರ ಹೋಗುತ್ತದೆ. ಬ್ಯಾಟರಿ ತಾನಾಗಿ ಇಳಿಯುವುದನ್ನೂ ಚಳಿಗೆ ಸೊರಗುವುದನ್ನೂ ಇದರಲ್ಲಿ ಕಳೆದುಕೊಳ್ಳಿ.

ಬ್ಯಾಟರಿ ಮಟ್ಟ ಓದುವ ವೋಲ್ಟೇಜ್ ಡಿವೈಡರ್ ಕೂಡ ಸೋರುವ ಜಾಗವೇ. ಎರಡು 100 ಕಿಲೊಓಮ್ ರೆಸಿಸ್ಟರ್ ಹಾಕಿದರೆ ಹಗಲಿರುಳು 21 ಮೈಕ್ರೊಆಂಪಿಯರ್ ಹರಿಯುತ್ತದೆ. ಎರಡು 1 ಮೆಗಾಓಮ್ ಹಾಕಿ, ನಡುವಿನ ಬಿಂದುವಿನಿಂದ ಗ್ರೌಂಡ್‌ಗೆ 0.1 ಮೈಕ್ರೊಫ್ಯಾರಡ್ ಕೊಡಿ. ಈ ಕೆಪಾಸಿಟರ್ ಬಿಟ್ಟರೆ ರೀಡಿಂಗ್ ನಿಜಕ್ಕಿಂತ ಕಡಿಮೆ ಬರುತ್ತದೆ. ಪಿನ್ 32ರಿಂದ 39ರೊಳಗೆ ಆರಿಸಿ. ಇವು ಮೊದಲ ಎಡಿಸಿಯವು (ವೋಲ್ಟೇಜನ್ನು ಸಂಖ್ಯೆಯಾಗಿಸುವ ಭಾಗ); ವೈಫೈ ಓಡುವಾಗ ಎರಡನೇ ಎಡಿಸಿಯ ಪಿನ್‌ಗಳನ್ನು ಓದಲಾಗದು.

ಪ್ರಶ್ನೆ: ಬಿಎಂಇ280 ಎಂದು ಕೊಂಡ ಸೆನ್ಸರ್ ಉಷ್ಣಾಂಶ, ಒತ್ತಡ ಸರಿಯಾಗಿ ಕೊಡುತ್ತದೆ. ತೇವಾಂಶ ಮಾತ್ರ ಬರುವುದೇ ಇಲ್ಲ. ಲೈಬ್ರರಿ ಬದಲಿಸಿ ನೋಡಿದೆ.

ಉತ್ತರ: ನಿಮ್ಮ ಕೈಯಲ್ಲಿರುವುದು ಬಿಎಂಪಿ280 ಇರಬೇಕು, ಅದರಲ್ಲಿ ತೇವಾಂಶದ ಭಾಗವೇ ಇಲ್ಲ. ಐ2ಸಿ (ಸೆನ್ಸರ್ ಮತ್ತು ಚಿಪ್ ಮಾತಾಡುವ ಎರಡು ತಂತಿಯ ಸಂಪರ್ಕ) ವಿಳಾಸ ಎರಡಕ್ಕೂ ಹೆಕ್ಸ್ 76 ಅಥವಾ 77 ಆದ್ದರಿಂದ ವಿಳಾಸ ಹುಡುಕುವ ಸ್ಕ್ಯಾನರ್ ಪ್ರೋಗ್ರಾಂ ನಡೆಸಿ ತಿಳಿಯದು. ಹೆಕ್ಸ್ ಡಿ0 ರಿಜಿಸ್ಟರ್ ಓದಿ: ಹೆಕ್ಸ್ 60 ಬಂದರೆ ಬಿಎಂಇ, 58 ಬಂದರೆ ಬಿಎಂಪಿ. ಸ್ಕ್ಯಾನರ್‌ಗೆ ವಿಳಾಸವೇ ಸಿಗದಿದ್ದಾಗ ಮಾತ್ರ ಪುಲ್‌ಅಪ್ ರೆಸಿಸ್ಟರ್ (4.7 ಕಿಲೊಓಮ್ ಸಾಕು) ಮತ್ತು ತಂತಿಗಳನ್ನು ಪರೀಕ್ಷಿಸಿ.

ಪ್ರಶ್ನೆ: ಒಂದೇ ಪ್ರೋಗ್ರಾಂ ಹಾಕಿದ ಎರಡು ಸಾಧನಗಳು ಎಂಕ್ಯೂಟಿಟಿ ಬ್ರೋಕರ್‌ನಿಂದ (ಸಾಧನಗಳ ಸಂದೇಶ ಹಂಚುವ ಸರ್ವರ್) ಸರದಿಯಂತೆ ಕಳಚಿಕೊಳ್ಳುತ್ತಿವೆ. ಒಂದನ್ನೇ ಇಟ್ಟರೆ ತೊಂದರೆ ಇಲ್ಲ.

ಉತ್ತರ: ಎರಡಕ್ಕೂ ಒಂದೇ ಕ್ಲೈಂಟ್ ಐಡಿ ಇದೆ. ಅದೇ ಐಡಿ ಹೊತ್ತು ಹೊಸಬ ಬಂದರೆ ಹಳಬನನ್ನು ಬ್ರೋಕರ್ ಹೊರಹಾಕಬೇಕು, ಎಂಕ್ಯೂಟಿಟಿಯ ನಿಯಮವೇ ಹಾಗೆ. ಹೊರಬಿದ್ದವನು ಮತ್ತೆ ಬಂದು ಇವನನ್ನು ತಳ್ಳುತ್ತಾನೆ. ಐಡಿಗೆ ಚಿಪ್‌ನ ಮ್ಯಾಕ್ ವಿಳಾಸ ಸೇರಿಸಿ.

ಪ್ರಶ್ನೆ: ಆರ್ಡುಯಿನೊದಲ್ಲಿ ಬರೆದ ನೀರಿನ ಪಂಪ್ ಟೈಮರ್ ಸುಮಾರು ಐವತ್ತು ದಿನ ಓಡಿ ದಾರಿ ತಪ್ಪಿತು. ರೀಸೆಟ್ ಮಾಡಿದರೆ ಸರಿಯಾಯಿತು.

ಉತ್ತರ: ಬೋರ್ಡ್ ಆನ್ ಆದಾಗಿನಿಂದ ಮಿಲಿಸೆಕೆಂಡ್ ಎಣಿಸುವ ಮಿಲಿಸ್ ಫಂಕ್ಷನ್‌ನ ಎಣಿಕೆ 32 ಬಿಟ್‌ನದು. 4,29,49,67,296 ಮಿಲಿಸೆಕೆಂಡಿಗೆ, ಅಂದರೆ 49.7 ದಿನಕ್ಕೆ ಮತ್ತೆ ಸೊನ್ನೆಗೆ ಬರುತ್ತದೆ. ‘ಹಿಂದಿನ ಸಮಯಕ್ಕೆ ಅಂತರ ಕೂಡಿಸಿ, ಈಗಿನದು ಅದನ್ನು ದಾಟಿತೇ’ ಎಂದು ಕೇಳಿದ್ದರೆ ಈ ತಿರುವಿನಲ್ಲಿ ಎಡವುತ್ತದೆ. ‘ಈಗಿನದರಲ್ಲಿ ಹಿಂದಿನದನ್ನು ಕಳೆದರೆ ಅಂತರದಷ್ಟಾಯಿತೇ’ ಎಂದು ಕೇಳಿ. ಎರಡೂ ವೇರಿಯಬಲ್ ಅನ್‌ಸೈನ್ಡ್ 32 ಬಿಟ್ ಆಗಿದ್ದರೆ ತಿರುವಿನಲ್ಲೂ ಉತ್ತರ ಸರಿಯೇ ಬರುತ್ತದೆ. ಇದನ್ನು ಪರೀಕ್ಷಿಸಲು ಇನ್ನೊಂದು ಐವತ್ತು ದಿನ ಕಾಯಬೇಕಿಲ್ಲ. ಮಿಲಿಸ್‌ಗೆ 4,29,49,07,296 ಕೂಡಿಸಿ ಕೊಡುವ ಚಿಕ್ಕ ಫಂಕ್ಷನ್ ಬರೆದು ಎಲ್ಲ ಕಡೆ ಅದನ್ನೇ ಕರೆಯಿರಿ. ಸ್ವಿಚ್ ಹಾಕಿದ ಒಂದು ನಿಮಿಷಕ್ಕೆ ಎಣಿಕೆ ತಿರುಗುತ್ತದೆ, ಪಂಪ್ ಏನು ಮಾಡುತ್ತದೆ ಎಂದು ಎದುರಿಗೆ ನಿಂತೇ ನೋಡಬಹುದು.